ಕೆಂಪು ನೂಲಿನ ಗುರುತು

ಗಣಪತಿ ಬಡಾವಣೆ, ಕೋಯಮತ್ತೂರು
30-10-1988, ಭಾನುವಾರ

ಪ್ರೀತಿಯ ಅಣ್ಣನಿಗೆ,

ನಿನ್ನ ತಂಗಿ ಚಂದ್ರಾಳ ನಮಸ್ಕಾರ. ಮೊಣಕಾಲು ನೋವು ಹೇಗಿದೆ? ನಾನು ಕಳಿಸಿದ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಅಥವಾ ಶೀಶೆಯನ್ನು ಗೂಡಿನಲ್ಲಿಟ್ಟು ದಿನಾ ನೋಡುತ್ತಿದ್ದೀಯೋ? ಅತ್ತಿಗೆಯ ಕೆಮ್ಮು ಕಡಿಮೆಯಾಯಿತೇ? ನಿಮ್ಮ ಸಿರುಮುಗೈ ಕಡೆ ಮಳೆ ಜೋರೆಂದು ಕೇಳಿದೆ. ನೀನು ಕಾಲಿಳಿಸಿ ಕೂರುವ ಮಗ್ಗದ ಕುಳಿಗೆ ನೀರು ಊರಿದೆಯೇ? ಈ ಕೊನೆಯ ಪ್ರಶ್ನೆಗೆ ಮಾತ್ರ ಮರೆಯದೆ ಉತ್ತರ ಬರೆ. ಕಾರಣ ಆಮೇಲೆ ಹೇಳುತ್ತೇನೆ. ನಾವೆಲ್ಲ ಇಲ್ಲಿ ಕ್ಷೇಮ.

ಬಸ್ಸು ಹತ್ತಿದರೆ ಬೆಳಗಿನ ತಿಂಡಿಗೆ ನಿನ್ನ ಮನೆಯಲ್ಲಿರಬಹುದಾದವಳು ಕಾಗದ ಬರೆಯುತ್ತಿದ್ದಾಳಲ್ಲ ಎಂದು ನೀನು ನಗಬಹುದು. ಎದುರಿಗೆ ಕೂತರೆ ನೀನು ನನ್ನ ಮಾತು ಮುಗಿಯಲು ಬಿಡುವುದಿಲ್ಲ, ಅದಕ್ಕೇ ಇದು. ತಮಿಳಿನಲ್ಲಿ ಬರೆದರೆ ನಿಮ್ಮ ಬೀದಿಯವರು ನಿನಗಿಂತ ಮೊದಲೇ ಓದಿ ಮುಗಿಸುತ್ತಾರೆ. ಅಪ್ಪ ಮಗ್ಗದ ಪಕ್ಕ ಕೂರಿಸಿ ಸ್ಲೇಟಿನಲ್ಲಿ ತಿದ್ದಿಸಿದ ಕನ್ನಡ ಈಗ ಆ ಬೀದಿಯಲ್ಲಿ ಓದಬಲ್ಲವನು ನೀನೊಬ್ಬನೇ. ಕಾನ್ವೆಂಟಿನಲ್ಲಿ ಓದಿದವಳ ಬರವಣಿಗೆಯಲ್ಲಿ ತಪ್ಪಿದ್ದರೆ ತಿದ್ದಿಕೊ. ನನ್ನನ್ನು ಆ ಕಾನ್ವೆಂಟಿಗೆ ಕಳಿಸಲೆಂದು ಮಗ್ಗಕ್ಕೆ ಕೂತವನು ನೀನು, ಅದನ್ನು ನಾನು ಮರೆತಿಲ್ಲ. ವಿಷಯ ನಿನ್ನ ಮಗಳು ನಾಚಿಯದು. ಈ ಕಂಪ್ಯೂಟರ್ ರಿಪೇರಿ ಕೆಲಸ ಬಿಡದಿದ್ದರೆ ದೀಪಾವಳಿಗೆ ಹೊಸಿಲು ತುಳಿಯಬೇಡ ಎಂದು ಅವಳಿಗೆ ಹೇಳಿದೆಯಂತೆ. ಗಂಡಸರ ನಡುವೆ ಸ್ಕ್ರೂಡ್ರೈವರ್ ಹಿಡಿದು ನೆಲದ ಮೇಲೆ ಉರುಳುವ ಕೆಲಸ ಎಂದೆಯಂತೆ. ನಾನು ವಾದಕ್ಕೆ ಬಂದಿಲ್ಲ. ನೀನು ಹೇಳುವುದರಲ್ಲಿ ಏನೂ ಇಲ್ಲವೆಂದೂ ನನಗೆ ಅನ್ನಿಸಿಲ್ಲ, ಹೆಣ್ಣುಮಗಳು ಟೂಲ್ಸ್ ಚೀಲ ಹೆಗಲಿಗೇರಿಸಿ ಊರೂರು ತಿರುಗುವುದನ್ನು ನೆನೆದು ನನಗೂ ಒಂದೊಂದು ದಿನ ನಿದ್ದೆ ಬಂದಿಲ್ಲ. ಆದರೆ ಈ ವಾರ ಅವಳು ನಮ್ಮ ಮಿಲ್ಲಿಗೇ ಕೆಲಸಕ್ಕೆ ಬಂದಿದ್ದಳು. ಕಣ್ಣಾರೆ ಕಂಡದ್ದನ್ನಷ್ಟೇ ಬರೆಯುತ್ತೇನೆ.

ನಾನು ನೋಡಿಕೊಳ್ಳುವ ಕಂಪ್ಯೂಟರ್ ಕೋಣೆಯನ್ನು ನೀನು ಒಮ್ಮೆ ಕಿಟಕಿಯಿಂದ ನೋಡಿದ್ದೀಯ. ಕಂಪ್ಯೂಟರಿನ ಪಕ್ಕ ಸೊಂಟದೆತ್ತರದ ಎರಡು ಕಬ್ಬಿಣದ ಪೆಟ್ಟಿಗೆಗಳಿವೆಯಲ್ಲ, ಅವೇ ಡಿಸ್ಕ್‌ಗಳು. ಹಾಜರಿ, ನೂಲಿನ ದಾಸ್ತಾನು, ದೀಪಾವಳಿ ಬೋನಸ್ಸಿನ ಲೆಕ್ಕ ಎಲ್ಲವೂ ಅವುಗಳ ಹೊಟ್ಟೆಯಲ್ಲಿದೆ. ಚಪ್ಪಟೆ ಪಟ್ಟಿಯಂಥ ಕೇಬಲ್ಲುಗಳು ಅವನ್ನು ಕಂಪ್ಯೂಟರಿಗೆ ಜೋಡಿಸುತ್ತವೆ. ಪೆಟ್ಟಿಗೆಯ ಮುಂದಿನ ಪುಟ್ಟ ದೀಪ ಉರಿಯುತ್ತಿದ್ದರೆ ಡಿಸ್ಕ್ ಕೆಲಸಕ್ಕೆ ಸಿದ್ಧ. ಆಯುಧಪೂಜೆಯ ರಜೆ ಮುಗಿದು ಬಂದಾಗಿನಿಂದ ಎರಡನೇ ಡಿಸ್ಕಿನ ದೀಪ ಆಗಾಗ ಆರಿಹೋಗುತ್ತಿತ್ತು. ಅದು ಆರಿದರೆ ಲೆಕ್ಕ ಅರ್ಧಕ್ಕೆ ನಿಂತು ಮೊದಲಿನಿಂದ ಶುರುಮಾಡಬೇಕು. ಕರೆಂಟಿನ ದೋಷವೆಂದು ಹೊಸ ಸ್ಟೆಬಿಲೈಸರ್ ತಂದೆವು, ಹತ್ತಿಯ ದೂಳೆಂದು ಬಾಗಿಲಿನ ಸಂದು ಮುಚ್ಚಿದೆವು. ಕೊನೆಗೆ ಡಿಸ್ಕನ್ನೇ ಮದ್ರಾಸಿಗೆ ಕಳಿಸುವ ಮಾತು ಬಂತು. ಹೋದರೆ ದೀಪಾವಳಿಗೆ ಮುಂಚೆ ವಾಪಸು ಬರುವುದಿಲ್ಲ. ಕಳಿಸುವ ಮೊದಲು ಒಮ್ಮೆ ನೋಡಲೆಂದು ಕಂಪ್ಯೂಟರ್ ಕಂಪನಿಯವರು ಆರ್.ಎಸ್. ಪುರಂನ ತಮ್ಮ ಆಫೀಸಿನಿಂದ ಒಬ್ಬರನ್ನು ಕಳಿಸಿದರು. ಬಂದವಳು ನಿನ್ನ ಮಗಳು.

ಎಲ್ಲರೆದುರು ನನ್ನನ್ನು ಅತ್ತೆ ಎನ್ನಲಿಲ್ಲ, "ಮೇಡಂ" ಎಂದಳು. ನನಗೆ ನಗು ಬಂತು, ಸ್ವಲ್ಪ ಹೆಮ್ಮೆಯೂ ಆಯಿತು. ನಮ್ಮ ಮೇಸ್ತ್ರಿ ಅಂಗಪ್ಪನ್ ಗೊತ್ತಲ್ಲ, ಕುರಿಚಿಯವರು, ಮನೆಯಲ್ಲಿ ನಮ್ಮ ಹಾಗೆಯೇ ಕನ್ನಡ. ಅವರು ಅವಳನ್ನು ಮೇಲಿನಿಂದ ಕೆಳಗೆ ನೋಡಿ, "ಏನಮ್ಮಿಣಿ, ಮೆಷಿನ್ ನೋಡಕ್ಕೆ ಬಂದಿಯಾ, ಬಾಗ್ಲಲ್ಲಿ ರಂಗೋಲಿ ಕೋಲ ಹಾಕಕ್ಕೆ ಬಂದಿಯಾ?" ಎಂದರು. ಅವಳು ಚೀಲ ಇಳಿಸುತ್ತಲೇ, "ಮೊದಲು ಮೆಷಿನ್ ನೋಡ್ತೀನಿ ಅಣ್ಣಾ. ಆಗಲಿಲ್ಲ ಅಂದ್ರೆ ಕೋಲ ಹಾಕಿ ಹೋಗ್ತೀನಿ" ಎಂದಳು. ಕೋಣೆಯಲ್ಲಿ ಟೈಪು ಮಾಡುವ ಹುಡುಗಿಯರೆಲ್ಲ ನಕ್ಕರು, ಅಂಗಪ್ಪನ್ ಕೂಡ.

ಆಮೇಲೆ ಅವಳು ಮಾಡಿದ್ದೇನು ಗೊತ್ತೇ? ಏನೂ ಇಲ್ಲ. ಒಂದು ಸ್ಟೂಲು ಎಳೆದುಕೊಂಡು ಆ ದೀಪವನ್ನೇ ನೋಡುತ್ತ ಕೂತಳು. ಮ್ಯಾನೇಜರ್ ಚೆನ್ನಕೇಶವನ್ ಬಾಗಿಲಲ್ಲಿ ಎರಡು ಸಲ ಇಣುಕಿ ಹೋದರು. ನನಗೇ ಮುಜುಗರವಾಗಿ, ಏನಾದರೂ ಬಿಚ್ಚಬಾರದೇ ಎಂದುಕೊಂಡೆ. ಪಾಳಿ ಬದಲಾಗುವ ಹೊತ್ತಿಗೆ ಪಕ್ಕದ ಶೆಡ್ಡಿನ ಯಂತ್ರಗಳೆಲ್ಲ ನಿಂತವು. ಆಗ ಎದ್ದು ಬಂದು ಮೆಲ್ಲಗೆ ಕೇಳಿದಳು, ಯಂತ್ರಗಳು ನಿಂತಿರುವಾಗ ಈ ದೀಪ ಯಾವತ್ತಾದರೂ ಆರಿದೆಯೇ ಎಂದು. ನಾವೆಲ್ಲ ನೆನಪಿಸಿಕೊಂಡು ನೋಡಿದೆವು. ಆರಿರಲಿಲ್ಲ. ಯಂತ್ರ ಓಡಿದಾಗ ನೆಲ ಅದುರುತ್ತದೆ, ಅದುರಿದಾಗ ಎಲ್ಲೋ ಒಂದು ಜೋಡಣೆ ಬಿಟ್ಟು ಹಿಡಿಯುತ್ತಿದೆ, ಡಿಸ್ಕಿನ ಒಳಗೆ ಕೆಟ್ಟಿರಲಾರದು ಎಂದಳು.

ಮೊದಲು ಕಂಪ್ಯೂಟರಿನ ಕಡೆಯಿಂದ ಹುಡುಕಿದಳು. ಕೇಬಲ್ ಬಿಚ್ಚುವ ಮುಂಚೆ ಚೀಲದಿಂದ ಕೆಂಪು ನೂಲು ತೆಗೆದು, ಪ್ರತಿ ಪ್ಲಗ್ಗಿಗೂ ಅದು ಕೂರುವ ಜಾಗಕ್ಕೂ ಕಟ್ಟಿದಳು. ಮೊದಲನೆಯದಕ್ಕೆ ಒಂದು ಗಂಟು, ಮುಂದಿನದಕ್ಕೆ ಎರಡು. ಬಿಚ್ಚಿದ್ದು ಬಿಚ್ಚಿದಲ್ಲಿಗೇ ಹೋಗಬೇಕಂತೆ. ನನ್ನ ಕೈಯಲ್ಲಿದ್ದ ಟೀ ಹಾಗೇ ನಿಂತಿತು ಅಣ್ಣ. ಮಗ್ಗಕ್ಕೆ ಹೊಸ ಹಾಸು ಜೋಡಿಸುವಾಗ ಎಳೆಗಳ ಗೊಂಚಲಿಗೆ ನೀನು ಕಟ್ಟುವ ಗುರುತು ಅದೇ, ಎಡಗೈ ಬೆರಳಿಗೆ ಸುತ್ತಿ ಹಲ್ಲಿನಿಂದ ಕತ್ತರಿಸುವ ಗಂಟೂ ಅದೇ. ನೂಲನ್ನು ಮುಟ್ಟಿ ನೋಡಿದೆ. ಅದು ನಿನ್ನ ಮಗ್ಗದ್ದು. ಆಮೇಲೆ ಕಂಪ್ಯೂಟರಿನ ಒಳಗಿನ ಸರ್ಕ್ಯೂಟ್ ಕಾರ್ಡನ್ನು ಹೊರತೆಗೆದು, ಅದರ ಹೊಳೆಯುವ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದಳು. ಸಂಜೆಯವರೆಗೆ ದೀಪ ಆರಲಿಲ್ಲ. ಸರಿಹೋಯಿತು ಎಂದು ಚೆನ್ನಕೇಶವನ್ ಅವರಿಗೆ ಹೇಳಿ ಹೋದಳು.

ಮರುದಿನ ಬೆಳಿಗ್ಗೆ ಯಂತ್ರಗಳು ಶುರುವಾದ ಸ್ವಲ್ಪ ಹೊತ್ತಿಗೇ ದೀಪ ಆರಿತು. ಫೋನ್ ಮಾಡಿದೆ, ಬಂದಳು. ನಾನಾಗಿದ್ದರೆ ಕರೆಂಟು, ಸೆಕೆ ಎಂದು ಏನಾದರೂ ಹೇಳಿಕೊಳ್ಳುತ್ತಿದ್ದೆ. ಅವಳು ನೇರವಾಗಿ ಮ್ಯಾನೇಜರ್ ಎದುರು ನಿಂತು, ನಿನ್ನೆ ತಾನು ಹೇಳಿದ್ದು ತಪ್ಪೆಂದೂ ಮಧ್ಯಾಹ್ನದವರೆಗೆ ಸಮಯ ಬೇಕೆಂದೂ ಕೇಳಿದಳು. ಮಾತು ತಗ್ಗಲೂ ಇಲ್ಲ, ಏರಲೂ ಇಲ್ಲ. ಅವರು ಬೈಯಲು ತೆರೆದ ಬಾಯಿಂದಲೇ ಸರಿ ಎಂದುಬಿಟ್ಟರು.

ಇನ್ನು ಉಳಿದದ್ದು ಡಿಸ್ಕಿನ ಹಿಂಭಾಗ, ಅದು ಗೋಡೆಯ ಕಡೆ. ಪೆಟ್ಟಿಗೆಯನ್ನು ಎಳೆದುಕೊಡುತ್ತೇನೆಂದು ಅಂಗಪ್ಪನ್ ಮುಂದೆ ಬಂದರು. ಅವಳು ಬೇಡವೆಂದಳು, ಸರಿಸಿದರೆ ತಪ್ಪು ಎಲ್ಲಿದೆಯೆಂದು ಆಮೇಲೆ ಕಾಣುವುದಿಲ್ಲವಂತೆ. ಹೌದು ಅಣ್ಣ, ನೆಲದ ಮೇಲೆ ಮಲಗಿದಳು. ನಿನಗೆ ಸುಳ್ಳು ಬರೆಯಲಾರೆ. ಪೇಪರು ಹಾಸಿ, ಸೆರಗು ಬಿಗಿದು ಸಿಕ್ಕಿಸಿ, ಗೋಡೆಯ ಸಂದಿನಲ್ಲಿ ಕೈತೂರಿ, ಕೈಚೀಲದ ಪುಟ್ಟ ಕನ್ನಡಿಯನ್ನು ಹಿಡಿದು ನೋಡಿದಳು. ಅಂಗಪ್ಪನ್ ಗಂಡಾಳುಗಳನ್ನೆಲ್ಲ ಹೊರಗೆ ಕಳಿಸಿ, ತಾವು ಮುಖ ಬೇರೆ ಕಡೆ ತಿರುಗಿಸಿ ಟಾರ್ಚ್ ಹಿಡಿದು ನಿಂತರು. ಆಮೇಲೆ ನನ್ನನ್ನು ಬಗ್ಗಿಸಿ ಕನ್ನಡಿಯಲ್ಲಿ ತೋರಿಸಿದಳು. ಪೆಟ್ಟಿಗೆಯ ಒಂದು ಚಕ್ರ ಕೇಬಲ್ಲಿನ ಮೇಲೆಯೇ ಕೂತಿತ್ತು. ಕೇಬಲ್ ಬಟ್ಟೆ ಒಣಹಾಕುವ ಹಗ್ಗದಂತೆ ಬಿಗಿದು, ಪ್ಲಗ್ಗಿನ ಒಂದು ಬದಿ ಕೂದಲೆಳೆಯಷ್ಟು ಮೇಲೆದ್ದಿತ್ತು. ಅದರ ಮೇಲುಗಡೆ, ಯಾರ ಕೈಯೂ ಹೋಗದ ಜಾಗದಲ್ಲಿ, ಒಣಗಿದ ಗಂಧ, ಕುಂಕುಮದ ಬೊಟ್ಟು.

ಆಗ ಎಲ್ಲ ತಿಳಿಯಿತು. ಆಯುಧಪೂಜೆಯ ದಿನ ನಾಲ್ಕು ಬದಿಗೂ ಬೊಟ್ಟಿಡಬೇಕೆಂದು ಅಂಗಪ್ಪನ್ ಪೆಟ್ಟಿಗೆಯನ್ನು ಮುಂದಕ್ಕೆಳೆದು, ಭಕ್ತಿಯಿಂದ ಪೂಜೆ ಮಾಡಿ, ಹಿಂದಕ್ಕೆ ತಳ್ಳಿದ್ದರು. ಆರತಿ ತೆಗೆದುಕೊಂಡವರು ನಾವೆಲ್ಲರೂ. ಚೆನ್ನಕೇಶವನ್ ಬಂದು, ಇದನ್ನು ಎಳೆದವರು ಯಾರು ಎಂದು ಕೇಳಿದರು. ಅಂಗಪ್ಪನ್ ಕೈಯಲ್ಲಿ ಟಾರ್ಚ್ ಹಗಲಲ್ಲೂ ಉರಿಯುತ್ತಲೇ ಇತ್ತು, ಆರಿಸುವುದೂ ಅವರಿಗೆ ತೋಚಲಿಲ್ಲ. ಹೆಸರು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ನಾಚಿ ತಮಿಳಿನಲ್ಲಿ ಹೇಳಿದಳು, ಕನ್ನಡದಲ್ಲಿ ಬರೆಯುತ್ತೇನೆ: "ಪ್ಲಗ್ಗಿನ ಎರಡು ಕಡೆ ಸ್ಕ್ರೂ ಬಿಗಿದಿದ್ದರೆ ಯಾರು ಎಳೆದರೂ ಇದು ಮೇಲೇಳುತ್ತಿರಲಿಲ್ಲ ಸಾರ್. ಬಿಗಿಯಬೇಕಾಗಿದ್ದವರು ನಮ್ಮ ಕಂಪನಿಯವರು. ಹಾಗಂತಲೇ ಬರೆದುಕೊಡುತ್ತೇನೆ."

ಬರೆದೂ ಕೊಟ್ಟಳು. ಚಕ್ರ ಸರಿಸಿ, ಬಾಗಿದ ಪಿನ್ನು ನೆಟ್ಟಗೆ ಮಾಡಿ, ಸ್ಕ್ರೂ ಬಿಗಿದು, ಕೇಬಲ್ಲನ್ನು ಒಂದು ಸುತ್ತು ಸಡಿಲ ಬಿಟ್ಟು ಕಟ್ಟಿದಳು. ಪೂಜೆ ಬೇಡವೆನ್ನುತ್ತಾಳೇನೋ ಎಂದು ಅಂಗಪ್ಪನ್ ಕಾಯುತ್ತಿದ್ದರು. ಅವಳು, "ಮುಂದಿನ ವರ್ಷನೂ ಎಳ್ದು ಬೊಟ್ಟಿಡಿ ಅಣ್ಣಾ. ಅಷ್ಟು ದೂರಕ್ಕೆ ಬೇಕಾದಷ್ಟು ಬಿಟ್ಟಿದ್ದೀನಿ" ಎಂದಳು. ಹೋಗುವಾಗ ಅವಳ ಚೀಲವನ್ನು ಗೇಟಿನವರೆಗೆ ಅಂಗಪ್ಪನ್ ತಾವೇ ಹೊತ್ತರು. ಅಂದಿನಿಂದ ದೀಪ ಆರಿಲ್ಲ. ನಾಳೆ ಬೋನಸ್ ಪಟ್ಟಿ ಹೊರಡುತ್ತದೆ.

ಇಷ್ಟು ವರ್ಷ ಜನರ ಮೇಲ್ವಿಚಾರಣೆ ಮಾಡಿದ ನನಗೆ, ಆ ಗಳಿಗೆಯಲ್ಲಿ ಆ ಮಾತು ಯಾಕೆ ತೋಚಲಿಲ್ಲ ಎಂದು ಕೇಳಿಕೊಳ್ಳುತ್ತಲೇ ಇದ್ದೇನೆ. ಅವಳಿಗೆ ಯಾರು ಕಲಿಸಿದರು? ಪಾಲಿಟೆಕ್ನಿಕ್ಕಿನಲ್ಲಿ ಇದನ್ನು ಕಲಿಸುವುದಿಲ್ಲ. ಎಳೆ ಹರಿದಾಗ ನೀನು ಎಂದೂ ಅತ್ತಿಗೆಯನ್ನಾಗಲಿ ಕೂಲಿಯವರನ್ನಾಗಲಿ ಯಾರು ಹರಿದದ್ದು ಎಂದು ಕೇಳಿದ್ದನ್ನು ನಾನು ನೋಡಿಲ್ಲ. ತುದಿ ಹುಡುಕಿ ಗಂಟು ಹಾಕುತ್ತಿದ್ದೆ. ಗೇಟಿನ ಹತ್ತಿರ ಮೊದಲ ಸಲ ಅತ್ತೆ ಎಂದು ಕರೆದು, ಒಂದೇ ಮಾತು ಕೇಳಿದಳು: "ಅಪ್ಪಾರ ಕುಳಿಗೆ ನೀರು ಬಂದುದಾ?" ಮೇಲೆ ನಾನು ಕೇಳಿದ ಪ್ರಶ್ನೆ ಅವಳದು.

ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸು. ಕಾಲನ್ನು ಹೊತ್ತು ಹೊತ್ತಿಗೆ ಚಾಚಿಕೊಂಡು ಕೂತಿರು, ನಮಗೆ ನೀನು ಬೇಕು.

ನಿನ್ನ ತಂಗಿ,
ಚಂದ್ರಾ

ತಾ.ಕ.: ಸೋಮವಾರ ಬೆಳಿಗ್ಗೆ. ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಅವಳ ಚೀಲದ ಕೆಂಪು ನೂಲು ಮುಗಿಯುತ್ತ ಬಂದಿದೆ, ಹಳೆಯ ಗಂಟು ಬಿಚ್ಚಿ ಅದನ್ನೇ ಮತ್ತೆ ಕಟ್ಟುತ್ತಿದ್ದಾಳೆ. ಅಂಗಡಿಯ ನೂಲು ಬಣ್ಣ ಬಿಡುತ್ತದಂತೆ. ಅವಳು ನಿನ್ನನ್ನು ಕೇಳುವುದಿಲ್ಲ, ನಿನ್ನ ಮಗಳಲ್ಲವೇ. ಎರಡು ಕಂಡಿಕೆ ಕೆಂಪು ನೂಲು ಸುತ್ತಿಟ್ಟಿರು, ಅಂಚೆಯಲ್ಲಿ ಕಳಿಸಬೇಡ. ದೀಪಾವಳಿಯ ಹಿಂದಿನ ದಿನ ಅವಳನ್ನು ಕರೆದುಕೊಂಡು ನಾನೇ ಬರುತ್ತೇನೆ. ಬಾಗಿಲಿಗೆ ಬಂದು ನೀನೇ ಅವಳ ಕೈಗೆ ಕೊಡು.