ಮೊದಲ ಗಾಳಿ ಪೆಟ್ಟಿಗೆಗೆ

ಕಪ್ಪತಗುಡ್ಡದ ಮಗ್ಗುಲು
೨೧೮೭ನೆಯ ಇಸವಿ, ಗಾಳಿ ನಿಂತ ಹತ್ತೊಂಬತ್ತನೆಯ ದಿನ

...ಗಾಳಿಗೇನು ಬಾಡಿಗಿ ಕೊಡಬೇಕಾಗೇತೇನು ಎಂದು ನೀವು ನಕ್ಕಿದ್ದಿರಂತೆ. ಅಥವಾ ಮಾತು ಮಾತ್ರ ನಿಮ್ಮದು, ನಕ್ಕವರು ನೆರೆಮನೆಯವರು. ಆರು ತಲೆಮಾರು ದಾಟಿ ಬಂದದ್ದರಿಂದ ಖಚಿತವಾಗಿ ಗೊತ್ತಿಲ್ಲ. ಸಂಗನಬಸಪ್ಪ ಮುತ್ಯಾ, ನಾನು ನಿಮ್ಮ ವಂಶದವಳು. ನನ್ನ ಭಾಷೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಎಷ್ಟೋ ಶಬ್ದಗಳು ನಮ್ಮಲ್ಲಿ ಉಳಿದಿವೆ, ಆ ವಸ್ತುಗಳು ಉಳಿದಿಲ್ಲ.

ನೀವು ಮಾಳಿಗೆಯ ಮೇಲೆ ನಿಲ್ಲಿಸಿದ ಗಾಳಿಯಂತ್ರದ ಕಂಬ ಇನ್ನೂ ಇದೆ. ರೆಕ್ಕೆಗಳನ್ನು ಏಳು ಸಲ ಬದಲಾಯಿಸಿದ್ದೇವೆ, ಬ್ಯಾಟರಿಗಳನ್ನು ಎಷ್ಟು ಸಲವೋ. ಲೆಕ್ಕ ಬಿಡಿಸಿ ಕ್ರಿಪ್ಟೊ ನಾಣ್ಯ ಹುಟ್ಟಿಸುವ ಮೈನಿಂಗ್‌ಗೆಂದು ನೀವು ತಂದ ಯಂತ್ರವನ್ನು ನಾವು ಪೆಟ್ಟಿಗೆ ಎನ್ನುತ್ತೇವೆ. ಹೊಸ ನಾಣ್ಯ ಹುಟ್ಟುವುದು ನನ್ನ ತಾಯಿ ಚಿಕ್ಕವಳಿದ್ದಾಗಲೇ ನಿಂತಿತು. ಆದರೂ ಗಾಳಿ ಎದ್ದರೆ ಮೊದಲು ತುಂಬುವುದು ಪೆಟ್ಟಿಗೆಯ ಬ್ಯಾಟರಿ, ಆಮೇಲೆ ನೀರಿನ ಮೋಟಾರು, ಒಲೆ, ಕೊನೆಗೆ ತಂಪುಗೂಡು. ತಂಪುಗೂಡು ಎಂದರೆ ಬಿಸಿಲಿಗೆ ಸಾಯದಿರಲೆಂದು ನಾವು ಕೂರುವ ಸಣ್ಣ ಕೋಣೆ. ಈ ಸರದಿ ನೀವೇ ಹಾಕಿಕೊಟ್ಟದ್ದೆಂದು ನಂಬಿದ್ದೇವೆ, ಕೇಳಿನೋಡಿದವರು ಯಾರೂ ಇಲ್ಲ.

ಪೆಟ್ಟಿಗೆ ಬಿಡಿಸಿದ ಪ್ರತಿ ಲೆಕ್ಕದ ಜೊತೆ ಒಂದು ಸಣ್ಣ ಸಾಲು ಬರೆಯಲು ಜಾಗವಿರುತ್ತದೆ. ಸತ್ತವರಿಗೆ ನಮ್ಮಲ್ಲಿ ಗುರುತಿನ ಕಲ್ಲಿಲ್ಲ. ಹನ್ನೊಂದನೆಯ ದಿನ ಹೆಸರನ್ನು ಅಲ್ಲಿ ಬರೆಯುತ್ತೇವೆ. ಒಂದು ಮನೆಯ ಬರಹಕ್ಕೆ ನೂರಾರು ಮನೆಗಳ ಪೆಟ್ಟಿಗೆಗಳು ಅದೇ ಸಾಲನ್ನು ತಮ್ಮಲ್ಲೂ ಇಟ್ಟುಕೊಂಡು ಸಾಕ್ಷಿ ನಿಲ್ಲುತ್ತಿದ್ದ ಕಾಲವಿತ್ತು. ಹೋದ ವರ್ಷ ಮೂರು ಮನೆ ಉಳಿದಿದ್ದವು, ಈಗ ನಮ್ಮದೊಂದೇ. ಪೆಟ್ಟಿಗೆಯನ್ನು ಆರಿಸುವಂತಿಲ್ಲ. ತಣ್ಣಗಾದರೆ ಒಳಗಿನ ಹಳೆಯ ಬೆಸುಗೆಗಳು ಬಿರಿಯುತ್ತವೆ, ಮತ್ತೆ ಕೂಡಿಸಬಲ್ಲವರಿಲ್ಲ.

ನನ್ನ ತಮ್ಮ ಫಕ್ಕೀರೇಶನ ಶ್ವಾಸಕೋಶವನ್ನು ಧೂಳು ತಿಂದಿದೆ. ತಂಪುಗೂಡಿನ ಹೊರಗೆ ಅವನು ಅರ್ಧ ದಿನ ಉಳಿಯಲಾರ. ಮೂರು ದಿನದ ಹಿಂದೆ ಎಲ್ಲ ಬ್ಯಾಟರಿಗಳನ್ನು ಒಟ್ಟು ಮಾಡಿ ನೋಡಿದೆ. ಪೆಟ್ಟಿಗೆ, ಗೂಡು ಎರಡನ್ನೂ ನಡೆಸಿದರೆ ಒಂದು ದಿನಕ್ಕೆ, ಗೂಡೊಂದನ್ನೇ ನಡೆಸಿದರೆ ಮೂರು ದಿನಕ್ಕೆ ಸಾಲುವಷ್ಟಿತ್ತು.

"ಗೂಡು ಬಂದ್ ಮಾಡಕ್ಕಾ," ಎಂದ ಅವನು. "ಪೆಟಗಿ ಮುಟ್ಟಬ್ಯಾಡ. ಚಂಪಾ ಅದರಾಗ ಅದಾಳ."

ಚಂಪಾ ಅವನ ಮಗಳು. ಒಂಬತ್ತು ದಿನ ಬದುಕಿದ್ದಳು.

"ನೀ ಹೋದರ ನಾ ಯಾರ ಕೂಡ ಜಗಳಾಡ್ಲಿ?"

"ಪೆಟಗಿ ಕೂಡ ಆಡು. ಅದೂ ನನ್ನಂಗನ, ಗೊರಗೊರ ಅಂತೈತಿ, ದುಡಿಯಂಗಿಲ್ಲ."

ಮಧ್ಯಾಹ್ನ ಅವನಿಗೆ ಜೊಂಪು ಹತ್ತಿದಾಗ ಪೆಟ್ಟಿಗೆಯನ್ನು ಆರಿಸಿದೆ. ದೊಡ್ಡ ಭಾವನೆ ಯಾವುದೂ ಬರಲಿಲ್ಲ. ಒಂದು ಗುಂಡಿ ಒತ್ತಿದೆ, ಅಷ್ಟೆ. ಸದ್ದು ನಿಂತದ್ದು ಅವನಿಗೆ ತಿಳಿಯಬಾರದೆಂದು ಅದರ ಪಕ್ಕದಲ್ಲಿ ಪುಟ್ಟ ಫ್ಯಾನೊಂದನ್ನು ತಿರುಗಲು ಬಿಟ್ಟೆ. ಸಂಜೆ ಹೊತ್ತಿಗೆ ಒಳಗಿನಿಂದ ಟಕ್ ಟಕ್ ಎಂದು ಕೇಳತೊಡಗಿತು, ಬಾಣಲೆಯಲ್ಲಿ ಕಡಲೆ ಸಿಡಿದ ಹಾಗೆ. ಕೂತು ಕೇಳಿದೆ. ಹದಿನಾಲ್ಕರವರೆಗೆ ಎಣಿಸಿ ಬಿಟ್ಟೆ.

ಇಂದು ಮೂರನೆಯ ದಿನ. ಬ್ಯಾಟರಿ ಸಂಜೆಯವರೆಗೆ ಬರಬಹುದು. ರೆಕ್ಕೆಗಳು ಅಲುಗಿಲ್ಲ. ಬೆಳಿಗ್ಗೆ ಫಕ್ಕೀರೇಶ ಸನ್ನೆ ಮಾಡಿ ಕರೆದ. "ಅಕಿ ಹೆಸರಿನ ಬಾಜೂಕ ನಂದು ಬರಿ, ದೂರ ಬರಿಬ್ಯಾಡ," ಎಂದ. ಹೂಂ ಎಂದೆ. ನನ್ನ ಮುಖ ನೋಡುತ್ತ, "ಕೈ ಬರಹ ಚಂದ ಇರ್ಲಿ," ಎಂದು ನಕ್ಕ. ಪೆಟ್ಟಿಗೆಯಲ್ಲಿ ಕೈ ಬರಹವಿಲ್ಲವೆಂದು ಅವನಿಗೂ ಗೊತ್ತು. ನಾನು ಮಾಡಿದ್ದು ಅವನಿಗೆ ತಿಳಿದಿದೆಯೋ ಏನೋ.

ನಿಮ್ಮನ್ನು ದೂರುತ್ತಿಲ್ಲ. ನಿಮ್ಮ ಮುಂದೆ ಆಗ ಗಾಳಿಯಿತ್ತು, ಬಿಡುವಿತ್ತು. ಆದರೆ ಮುತ್ಯಾ, ಹನ್ನೊಂದನೆಯ ದಿನ ನಾನು ಇವನ ಹೆಸರನ್ನು ಎಲ್ಲಿ ಬರೆಯಲಿ?