ಮೂರನೆಯ ಸಿಡಿಲು

ಮಾರ್ಚ್ ೧೨, ಭಾನುವಾರ

ಮಗಳೇ,

ನಿನ್ನ ಪತ್ರ ಬಂದು ಬಹಳ ದಿನವಾಯಿತು. ಉತ್ತರ ತಡವಾದದ್ದಕ್ಕೆ ನನ್ನ ಕೈನೋವನ್ನು ದೂರಬೇಡ, ನೀನು ಕೇಳಿದ ಪ್ರಶ್ನೆಯೇ ಹಾಗಿತ್ತು. ಮಗನಿಗೆ ನಿನ್ನ ಅಣ್ಣನ ಹೆಸರಿಡಲೇ ಎಂದಿದ್ದೀಯ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಮಗುವಿನ ಹೊಟ್ಟೆನೋವು ಕಡಿಮೆಯಾಯಿತೇ, ತಿಳಿಸು.

ಇಲ್ಲಿಯ ಸುದ್ದಿ ಎಂದರೆ ನೌಕಾಪಡೆಯವರು ಹೊಸ ಯುದ್ಧನೌಕೆಗೂ ‘ಸಿಡಿಲು’ ಎಂದೇ ಹೆಸರಿಟ್ಟಿದ್ದಾರೆ. ಇದು ಮೂರನೆಯದು. ಮೊದಲನೆಯದರಲ್ಲಿ ನಿಮ್ಮಪ್ಪ ಅಡುಗೆಯವರಾಗಿದ್ದರು. ಅದು ಮುದಿಯಾಗಿ ಗುಜರಿಗೆ ಹೋಯಿತು. ಎರಡನೆಯದು ನಿನ್ನ ಅಣ್ಣನನ್ನು ಕರೆದುಕೊಂಡೇ ಮುಳುಗಿತು. ಸಮಾರಂಭಕ್ಕೆ ನಮ್ಮನ್ನೂ ಕರೆದು ಮುಂದಿನ ಸಾಲಿನಲ್ಲಿ ಕೂರಿಸಿದರು.

“ಹಡಗು ಹೋಗಬಹುದು, ಹೆಸರು ಹೋಗೋದಿಲ್ಲ” ಎಂದು ದೊಡ್ಡ ಅಧಿಕಾರಿ ಭಾಷಣ ಮಾಡಿದರು. ನಿಮ್ಮಪ್ಪ ಕಣ್ಣೊರೆಸಿಕೊಂಡರು. ಹಡಗಿನೊಳಗೆ ಬಿಟ್ಟದ್ದೇ ತಡ, ನೆಟ್ಟಗೆ ಅಡುಗೆಮನೆಗೆ ನುಗ್ಗಿ ಪಾತ್ರೆಗಳ ಮುಚ್ಚಳ ಎತ್ತಿ ನೋಡತೊಡಗಿದರು. “ಇಷ್ಟು ಪುಟ್ಟ ಒಲೇಲಿ ಯಾರ ಹೊಟ್ಟೆ ತುಂಬಿಸ್ತೀರಪ್ಪಾ?” ಎಂದು ಅಲ್ಲಿನವರಿಗೇ ಪಾಠ ಬೇರೆ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ.

ಬರುವಾಗ ಬಸ್ಸಿನಲ್ಲಿ ಹೇಳಿದರು: “ಕಬ್ಬಿಣಕ್ಕೇ ಮತ್ತೆ ಅದೇ ಹೆಸರಿಡ್ತಾರಂತೆ, ಮಗು ಏನು ಪಾಪ ಮಾಡಿದೆ? ಅವಳಿಗೆ ಹೂಂ ಅಂತ ಬರೆದುಬಿಡು.” ನಾನು ಬಸ್ಸಿನ ಟಿಕೆಟ್ಟನ್ನು ಮಡಚಿ ಸೆರಗಿನ ತುದಿಗೆ ಕಟ್ಟಿಕೊಂಡೆ.

ನೀನು, ಅಳಿಯಂದಿರು ಚೆನ್ನಾಗಿರಿ. ಮಗುವಿನ ಕೈಕಾಲು ಗಟ್ಟಿಯಾಗಲಿ, ನಿನಗೆ ಒಂದು ದಿನವಾದರೂ ಕಣ್ತುಂಬ ನಿದ್ದೆ ಸಿಗಲಿ.

ನಿನ್ನ
ಅಮ್ಮ

ತಾ.ಕ.: ಮೊನ್ನೆ ಸಂಜೆ ಬಂದರಿನ ಮೈಕಿನಲ್ಲಿ ‘ಸಿಡಿಲು ಬಂದಿದೆ’ ಎಂದು ಕೂಗಿದರು. ಹಿಂದೆಲ್ಲ ಹಾಗೆ ಕೂಗಿದ ಕೂಡಲೇ ನಾನು ಸ್ನಾನಕ್ಕೆ ನೀರು ಕಾಯಿಸಲು ಇಡುತ್ತಿದ್ದದ್ದು ನಿನಗೆ ನೆನಪಿರಬೇಕು. ಮೊದಲು ನಿಮ್ಮಪ್ಪನಿಗೆ, ಆಮೇಲೆ ಅವನಿಗೆ. ಮೊನ್ನೆಯೂ ಇಟ್ಟೆ. ಟವೆಲ್ ತೆಗೆದಿಟ್ಟು ಬಾಗಿಲಲ್ಲಿ ನಿಂತೆ. ನಿಮ್ಮಪ್ಪ ಬಂದು “ಯಾರಿಗೆ ಕಣೇ ನೀರು?” ಎಂದಾಗಲೇ ನನಗೆ ಎಚ್ಚರವಾದದ್ದು. “ನಿಮಗೇ” ಎಂದೆ. ಬೆಳಿಗ್ಗೆ ಸ್ನಾನವಾಗಿದ್ದರೂ ಅವರು ಟವೆಲ್ ತೆಗೆದುಕೊಂಡು ಹೋಗಿ ಮತ್ತೊಮ್ಮೆ ಮಾಡಿ ಬಂದರು.

ಹಡಗಿನ ಹೆಸರಿಗೇ ಹೀಗಾದರೆ ಅವನ ಹೆಸರಿಗೆ ಏನು ಗತಿ? ಕೂಗಿದರೆ ಪಾಪ, ಮಗು ತನ್ನನ್ನೇ ಕರೆದರೆಂದು ಓಡಿಬರುತ್ತದೆ. ನಾನು ಅದರ ಹಿಂದೆ ಇನ್ನೊಬ್ಬ ಬರುತ್ತಿದ್ದಾನೆಯೇ ಎಂದು ನೋಡುತ್ತಿರುತ್ತೇನೆ. ಬೇಡ ಮಗಳೇ, ಬೇರೆ ಹೆಸರಿಡು.