ಕುರ್ಚಿಯ ಕೆಳಗಿನ ಹಲಗೆ

ಅಪ್ಪಾ,

ನೀನು ಸತ್ತು ಒಂದು ವರ್ಷಕ್ಕೆ, ಇವತ್ತು, ನಮ್ಮ ಮೋಟಾರು ದೋಣಿಯ ಮೇಲ್ಹಾಸಿನ ಕೊಳೆತ ಹಲಗೆಗಳನ್ನು ಕಿತ್ತೆವು. ಉಪ್ಪುನೀರು ಮರವನ್ನು ಕಾಯುತ್ತದೆ, ಸಿಹಿನೀರು ಕೊಳೆಸುತ್ತದೆ ಎಂಬುದು ಈ ದ್ವೀಪದಲ್ಲಿ ಎಲ್ಲರಿಗೂ ಗೊತ್ತು. ಒಂದು ಬೇಸಿಗೆ ನಾನು ದೋಣಿಯನ್ನು ನಲ್ಲಿನೀರಿನಲ್ಲಿ ತೊಳೆದದ್ದಕ್ಕೇ ಅದು ಕೊಳೆಯಿತೆಂದು ನೀನು ಬಂದರಿಗೆಲ್ಲ ಹೇಳಿಕೊಂಡು ಬಂದೆ: "ಶಾಲೆ ಮುಗಿಸ್ಲಿಲ್ಲ, ದೋಣಿ ಮುಗಿಸಿದ್ಲು."

ನೀನು ಕೂತು ಗಾಳ ಹಾಕುತ್ತಿದ್ದ ಕುರ್ಚಿಯ ಕೆಳಗಿನ ಹಲಗೆ ಬಡಗಿ ಯೆರ್ಕೊನ ಕೈಯಲ್ಲಿ ನೆನೆದ ರೊಟ್ಟಿಯಂತೆ ಮುರಿಯಿತು. ಕುರ್ಚಿ ಕೂರಿಸಲು ನೀನು ತಿರುಪು ಹಾಕಿದ ನಾಲ್ಕು ತೂತುಗಳಿಂದಲೇ ಮಳೆನೀರು ಇಳಿದಿತ್ತು.

"ಕೊಳೆತ ಮೇಲೆ ಮೇಣ ತುಂಬಿ ಬಣ್ಣ ಬಳ್ದಿದಾನೆ," ಎಂದ ಯೆರ್ಕೊ. "ನಿಮ್ಮಪ್ಪಂಗೆ ಗೊತ್ತಿತ್ತು ಕಣೇ."

ಆ ಹಲಗೆಯನ್ನು ಹೊತ್ತು ತಂದು, ಹೆಂಡದಂಗಡಿಯಲ್ಲಿ ನಿನ್ನ ಗೆಳೆಯರ ಇಸ್ಪೀಟಿನ ಮೇಜಿನ ಮೇಲೆ ಹಾಕಿದೆ.

"ಸತ್ತೋನ ಮೇಲೆ ಸೇಡಾ, ಪೆರಿನಾ?" ಎಂದು ಮುದುಕ ಫ್ರಾನೆ ನಕ್ಕ.

"ಬದುಕಿದ್ದಾಗ ಈ ಹಲಗೆ ಬಿಚ್ಚೋಕೆ ಬಿಡ್ಲಿಲ್ವಲ್ಲ, ಫ್ರಾನೆ ಮಾಮ."

ಅವನು ತೂತಿಗೆ ಬೆರಳಿಟ್ಟ. ಮೇಣ ಉದುರಿತು, ನಗು ನಿಂತಿತು. ನನಗೆ ಹಬ್ಬವಾಯಿತು, ಸುಳ್ಳು ಹೇಳುವುದಿಲ್ಲ.

"ತಪ್ಪಾಯ್ತು ಮಗಳೇ, ಕೂತ್ಕೋ," ಎಂದು ಅವನು ನನಗೂ ಒಂದು ಲೋಟ ವೈನ್ ಸುರಿದ.

ನಾನು ಕೂರಲಿಲ್ಲ. ಬಾಗಿಲಾಚೆ ಒರಗಿಸಿದ್ದ ಇನ್ನೊಂದು ತುಂಡು ತಂದೆ. ಅದು ದೋಣಿಯ ಹಿಂಬದಿಯ ಮೂಲೆಯದು. ಅಲ್ಲಿ ಒಂದು ತಿರುಪೂ ಇರಲಿಲ್ಲ, ನಾನು ನಲ್ಲಿನೀರಿನ ಬಕೆಟ್ ಸುರಿಯುತ್ತಿದ್ದ ಜಾಗ. ಅಂಗೈಯಷ್ಟು ಕೊಳೆತು ಕಪ್ಪಾಗಿತ್ತು.

"ಇದು ನಂದು," ಎಂದೆ.

ನೀನು ಹೇಳಬೇಕಿದ್ದದ್ದೂ ಇಷ್ಟೇ ಅಪ್ಪಾ, ಎರಡು ಮಾತು. ನನ್ನದನ್ನು ನಾನು ಹೊತ್ತು ತಂದೆ. ನಿನ್ನದನ್ನೂ ನಾನೇ ಹೊರಬೇಕಾಯಿತು.

ಪೆರಿನಾ